ಬದಲಿ ಕೊಟ್ಟ ಕಲ್ಲು

ಮೆಹದಿಪಟ್ಟಣದ ಹತ್ತಿರ ನನ್ನ ಫರಸಿಕಲ್ಲಿನ ಅಂಗಡಿ ಇದ್ದ ಕಾಲಕ್ಕೆ ಮಾದಾಪುರದಲ್ಲಿ ನೋಡಿದಲ್ಲೆಲ್ಲ ಕಂಪ್ಯೂಟರ್ ಕಂಪನಿಗಳ ಕಟ್ಟಡ ಏಳುತ್ತಿದ್ದವು. ಆ ಗಾಜಿನ ಕಟ್ಟಡಗಳಿಗೆ ನಮ್ಮ ಶಹಾಬಾದಿನ ಹಾಸುಗಲ್ಲು ಬೇಡ, ಹೊಳೆಯುವ ಟೈಲ್ಸೇ ಬೇಕು. ವ್ಯಾಪಾರ ಮಾಡುವವರಿಗೆ ಒಂದು ಮಾತು ಹೇಳುತ್ತೇನೆ: ಗಿರಾಕಿ ಬದಲಾದರೆ ಅವನನ್ನು ಬೈಯುತ್ತ ಕೂರಬೇಡಿ, ನೀವೂ ಬದಲಾಗಿ. ನಾನು ಕಲ್ಲು ಮಾರುವುದನ್ನು ಬಿಟ್ಟು ಕಲ್ಲು ಕೊರೆಯುವ ಗುತ್ತಿಗೆ ಹಿಡಿದೆ.

ಗೋದಾವರಿ ದಂಡೆಯ ಕಡೆ ಒಂದು ಕಲ್ಲಿದ್ದಲು ಗಣಿ. ಹೊಸ ಸುರಂಗ ತೋಡುವ ಮೊದಲು ಅದರ ಮೇಲಿನ ಬಂಡೆ ಎಷ್ಟು ಗಟ್ಟಿ ಎಂದು ತಿಳಿಯಬೇಕು. ನಾವು ಆಳಕ್ಕೆ ಕೊರೆದು, ಕೊಳವೆಯಲ್ಲಿ ಸಿಕ್ಕಿ ಬರುವ ದುಂಡನೆಯ ಕಲ್ಲಿನ ಕೋಲುಗಳನ್ನು ಬಂದ ಕ್ರಮದಲ್ಲೇ ಮರದ ಪೆಟ್ಟಿಗೆಗಳಲ್ಲಿ ಜೋಡಿಸಿ ಮಾದಾಪುರದ ಆಫೀಸಿಗೆ ತಂದು ಕೊಡಬೇಕು. ಅಲ್ಲಿ ಬೀದರ್ ಕಡೆಯ ಇಂಜಿನಿಯರ್ ಹುಡುಗಿಯೊಬ್ಬಳು ತುಂಡು ತುಂಡನ್ನೂ ಅಳೆದು, ಕಂಪ್ಯೂಟರಿನಲ್ಲಿ ಸುರಂಗ ತೋಡಿ ನೋಡಿ, ಅದರ ಛತ್ತು ಕುಸಿದು ಬೀಳದಂತೆ ಎಷ್ಟು ಕಬ್ಬಿಣದ ಬೋಲ್ಟು ಹೊಡೆಯಬೇಕೆಂದು ಹೇಳುತ್ತಿದ್ದಳು.

ಮೊದಲ ಬೋರಿನ ಪೆಟ್ಟಿಗೆ ನೋಡಿ ಅವಳ ಮುಖ ಅರಳಿತು. "ಕಾಕಾ, ಎಂಥಾ ಉದ್ದುದ್ದ ತುಂಡು! ಭಾಳ ಛಲೋ ಕಲ್ಲು ಐತ್ರಿ. ಬೋಲ್ಟು ದೂರ ದೂರ ಹೊಡದ್ರೂ ನಡೀತದ."

ನಾನು ಬಿಡುವವನೇ? "ಹಂಗಾದ್ರ ಮುಂದಿನ ಎರಡು ಬೋರೂ ನಮಗೇ ಕೊಡಸ್ರಿ ಮೇಡಂ" ಎಂದು ಗಂಟುಬಿದ್ದು, ಹೂಂ ಅನ್ನಿಸಿಕೊಂಡೇ ಹೊರಬಂದೆ.

ಗಾಡಿಯಲ್ಲಿ ನಮ್ಮ ಮೇಸ್ತ್ರಿ ಕೂತಿದ್ದ. ಫರಸಿ ಅಂಗಡಿಯ ಕಾಲದಿಂದ ನನ್ನ ಜೊತೆಗಿದ್ದವನು. ಪೆಟ್ಟಿಗೆ ತುಂಬಿದ್ದೂ ಅವನೇ.

"ಒಪ್ಕೊಂಡ್ರೇನ್ರಿ ಸಾವ್ಕಾರ್ರ?"

"ಒಪ್ಪದ ಏನ್ ಮಾಡ್ತಾರ?"

"ನಡುವ ಒಂದ್ ಕಡಿ ಬರೇ ಪುಡಿ ಬಂದಿತ್ರಿ. ಅಂಥಾ ಮಾಲು ಹೆಂಗ ಕೊಡೂದು? ಚೆಲ್ಲಿ, ಯಂತ್ರ ಪರೀಕ್ಷಾ ಮಾಡಾಕ ಮೊದಲ ಬ್ಯಾರೆ ಕಡೆ ಕೊರದಿದ್ವಲ್ಲ, ಅದರಾಗಿನ ಗಟ್ಟಿ ತುಂಡು ಇಟ್ಟು ಸರಿ ಮಾಡೀನ್ರಿ."

ಬೈಯುವುದಾದರೂ ಯಾರನ್ನು? ಒಡೆದ ಹಾಸು ಬಂದರೆ ಕೇಳುವ ಮೊದಲೇ ಗಟ್ಟಿಯದನ್ನು ಬದಲಿ ಕೊಡುವುದು ನಮ್ಮ ಅಂಗಡಿಯ ಮರ್ಯಾದೆ. ಅದನ್ನು ಕಲಿಸಿದವನು ನಾನೇ. ಆದರೆ ಈ ಗಿರಾಕಿಗೆ ಬೇಕಾಗಿದ್ದದ್ದು ಆ ಒಡಕೇ.

ಮಲ್ಕಾಜ್‌ಗಿರಿಯ ಮನೆಗೆ ಬಂದರೂ ಕೂರಲಾಗಲಿಲ್ಲ. "ಏನ್ ಕಳಕೊಂಡೀರಿ? ಬೆಕ್ಕಿನಂಗ ಒಳಗ ಹೊರಗ ತಿರಗಾಕತ್ತೀರಲ್ಲ" ಎಂದಳು ಹೆಂಡತಿ. ಒಂದು ಬೊಗಸೆ ಪುಡಿ ತಾನೇ, ಬೋಲ್ಟು ಹೇಗೂ ಹೊಡೆಯುತ್ತಾರಲ್ಲ ಎಂದು ನನ್ನ ಜೊತೆ ನಾನೇ ಚೌಕಾಶಿಗಿಳಿದೆ. ಹೇಳಿದರೆ ಗುತ್ತಿಗೆ ಹೋಗುತ್ತದೆ. ಹೇಳದಿದ್ದರೆ, ದೂರ ದೂರ ಬೋಲ್ಟು ಹೊಡೆದ ಆ ಛತ್ತಿನ ಕೆಳಗೆ ಪಾಳಿ ಪಾಳಿಗೆ ಜನ ಇಳಿಯುತ್ತಾರೆ. ಎರಡು ದಿನ ಹೀಗೇ ಕಳೆಯಿತು.

ಮೂರನೆಯ ದಿನ ಮೇಸ್ತ್ರಿಯನ್ನು ಕರೆದುಕೊಂಡು ಮಾದಾಪುರದ ಆಫೀಸಿಗೆ ಹೋಗಿ ಹೇಳಿಬಿಟ್ಟೆ. ಹುಡುಗಿ ಪೆನ್ನು ಕೆಳಗಿಟ್ಟಳು.

"ಯಾವ ಆಳದಾಗ?"

"ಅದು ನೆನಪಿಲ್ರಿ ಅವ್ವಾರ" ಎಂದ ಮೇಸ್ತ್ರಿ. "ಮೂರನೇ ಪೆಟ್ಟಿಗಿ... ಇಲ್ಲಾ, ಐದನೇದೇನೋ."

"ಹಂಗಾದ್ರ ಬಾಜೂಕ ಪೂರಾ ಇನ್ನೊಂದು ಬೋರ್ ಕೊರೀಬೇಕು."

ರೂಢಿಬಲ, ನನ್ನ ನಾಲಗೆ ಸುಮ್ಮನಿರಲಿಲ್ಲ. "ಮ್ಯಾಲಿಂದು ಬಿಟ್ಟು ಅರ್ಧದಿಂದ ಕೆಳಗ ಅಷ್ಟ ಪೆಟ್ಟಿಗಿ ತುಂಬಿದ್ರ ನಡಿಯಂಗಿಲ್ಲೇನ್ರಿ?"

"ಕಾಕಾ, ಯಾರ ಜೋಡಿ ಚೌಕಾಶಿ ಮಾಡಾಕತ್ತೀರಿ? ನನ್ನ ಜೋಡಿನೋ, ಆ ಛತ್ತಿನ ಜೋಡಿನೋ?"

ಮುಂದಿನ ಎರಡು ಬೋರು ಬೇರೆಯವರಿಗೆ ಎಂಬುದನ್ನೂ ಅವಳು ನಾನು ಕೇಳದೆಯೇ ಹೇಳಿದಳು. ಅಂದಿನಿಂದ ಎಲ್ಲರಿಗೂ ಹೇಳುತ್ತಿದ್ದೇನೆ: ಆಳಿಗೆ ಕೆಲಸ ಹೇಳಿಕೊಟ್ಟರೆ ಸಾಲದು, ಆ ಮಾಲನ್ನು ಗಿರಾಕಿ ಏನು ಮಾಡುತ್ತಾನೆ ಎಂಬುದನ್ನೂ ಹೇಳಿ.

ಹಳೆಯ ಬೋರಿನ ಪಕ್ಕದಲ್ಲೇ ಯಂತ್ರ ನಿಲ್ಲಿಸಿದೆವು. ಕೊಳವೆ ಮೇಲೆ ಬಂದಾಗಲೆಲ್ಲ ಓಡಿ ಹೋಗಿ ನೋಡುವೆ. ಗಟ್ಟಿ ತುಂಡು. ಮತ್ತೆ ಗಟ್ಟಿ ತುಂಡು. ಕೈಯಲ್ಲಿದ್ದ ಚಹಾ ಆರಿ ಹೋಯಿತು. ಪುಡಿ ಸಿಗದೇ ಹೋದರೆ ಆ ಒಡಕು ಎಲ್ಲಿದೆಯೆಂದು ಯಾರಿಗೂ ತಿಳಿಯುವುದಿಲ್ಲ, ನಮ್ಮ ಮಾತನ್ನೂ ಯಾರೂ ನಂಬುವುದಿಲ್ಲ. ಜೀವನದಲ್ಲಿ ಮೊದಲ ಸಲ, ಮಾಲು ಕೆಟ್ಟು ಬರಲಿ ಎಂದು ಕಾಯುತ್ತ ನಿಂತಿದ್ದೆ.

ನಾಲ್ಕನೆಯ ಪೆಟ್ಟಿಗೆ ಅರ್ಧ ತುಂಬಿದಾಗ ಆಳುಗಳು ಮೇಲೆ ಬಂದ ಕೊಳವೆಯನ್ನು ಬಡಿದು ಒಳಗಿನದನ್ನು ಬೀಳಿಸಿದರು. ಕರಿ ಕೆಸರು, ಅದರ ಹಿಂದೆ ನುಚ್ಚು.

"ಬಂತ್ರೀ ಸಾವ್ಕಾರ್ರ, ಹಾಳಾದ್ದು!" ಎಂದು ಕೂಗಿದ ಮೇಸ್ತ್ರಿ ಎರಡೂ ಕೈ ಒಡ್ಡಿ, ಒಂದು ಚಿಟಿಕೆಯೂ ಚೆಲ್ಲದಂತೆ ಅದನ್ನು ಪೆಟ್ಟಿಗೆಗೆ ಇಳಿಸಿದ. ಕೈ ಒರೆಸಿಕೊಳ್ಳುವ ಮೊದಲೇ ನನ್ನತ್ತ ತಿರುಗಿದ.

"ಏನ್ ನೋಡ್ತೀರಿ? ಆಳ ಬರೀರಿ ಮೊದಲ."