ಮಕ್ಕಳನ್ನು ಇಳಿಸಿದ ನೆನಪಿಲ್ಲ

ಮಕ್ಕಳು ಅವಳನ್ನು ವ್ಯಾನಕ್ಕ ಎಂದು ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವನ ಶಾಲಾ ವ್ಯಾನಿನ ಸ್ಟೀರಿಂಗೂ ಅವನ ತಾಯಿಯ ಹೊಣೆಯೂ ಇವಳ ಕೈಗೆ ಬಂದಿದ್ದವು. ಓಡಿಸುವವಳು ಹೆಂಗಸು ಎಂಬ ಕಾರಣಕ್ಕೇ ತಾಯಂದಿರಿಗೆ ಅವಳ ಮೇಲೆ ಒಂದು ಕೈ ಹೆಚ್ಚು ನಂಬಿಕೆ. ಯಾವ ಮಗುವಿಗೆ ತಿರುವಿನಲ್ಲಿ ಹೊಟ್ಟೆ ತೊಳಸುತ್ತದೆ, ಯಾವುದು ಕಿಟಕಿ ಸೀಟಿಗೆ ಕಿತ್ತಾಡುತ್ತದೆ, ಎಲ್ಲ ಅವಳಿಗೆ ಗೊತ್ತು. ಅವಳ ಸ್ಟೀಲಿನ ನೀರಿನ ಬಾಟಲಿಯಲ್ಲಿ ಏನಿರುತ್ತದೆ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ ಎಂದು ಅವಳು ತಿಳಿದಿದ್ದಳು.

ಒಂದು ಮಧ್ಯಾಹ್ನ ಡ್ರೈವರ್ ಸೀಟಿನಲ್ಲೇ ಎಚ್ಚರವಾದಾಗ ವ್ಯಾನು ಮನೆಯ ಮುಂದೆ ನಿಂತಿತ್ತು. ಎಂಜಿನ್ ಆರಿತ್ತು, ಹ್ಯಾಂಡ್‌ಬ್ರೇಕ್ ಎಳೆದಿತ್ತು. ಶಾಲೆಯ ಗೇಟಿನಲ್ಲಿ ಮಕ್ಕಳನ್ನು ಹತ್ತಿಸಿಕೊಂಡದ್ದು ನೆನಪಿತ್ತು. ಅಲ್ಲಿಂದಾಚೆಗೆ ಏನೂ ಇಲ್ಲ. ಸಿಗ್ನಲ್ಲು, ರೈಲ್ವೆ ಗೇಟು, ಯಾರನ್ನು ಎಲ್ಲಿ ಇಳಿಸಿದೆ, ಒಂದೂ ಇಲ್ಲ.

ಅವಳು ಸೀಟುಗಳ ಕೆಳಗೆ ಬಗ್ಗಿ ನೋಡಿದಳು. ಕೊನೆಯ ಸೀಟಿನಡಿ ಒಂದು ಪುಟ್ಟ ಶೂ ಬಿದ್ದಿತ್ತು. ಒಂದೇ. ಅದು ವ್ಯಾನಿನಲ್ಲಿ ಎಲ್ಲರಿಗಿಂತ ಚಿಕ್ಕವಳಾದ, ಬಟಾಣಿ ಎಂದೇ ಎಲ್ಲರೂ ಕರೆಯುವ ಹುಡುಗಿಯದು.

ಮತ್ತೆ ವ್ಯಾನು ಮುಟ್ಟಲು ಧೈರ್ಯವಾಗದೆ, ಶೂವನ್ನು ಎದೆಗವಚಿಕೊಂಡು ಬಟಾಣಿಯ ಮನೆಯತ್ತ ಅರ್ಧ ನಡೆದು ಅರ್ಧ ಓಡಿದಳು. ದಾರಿಯುದ್ದಕ್ಕೂ ಚರಂಡಿಗಳನ್ನು ಇಣುಕಿದಳು. ಒಂದು ಕಡೆ ಜನ ಗುಂಪುಗೂಡಿದ್ದನ್ನು ಕಂಡು ನಡುವೆ ನುಗ್ಗಿ ನೋಡಿದಳು. ಅವರು ಬಸ್ಸಿಗೆ ಕಾಯುತ್ತಿದ್ದರು, ಅಷ್ಟೆ.

ಬಾಗಿಲು ತೆರೆದ ಬಟಾಣಿಯ ತಾಯಿ ನಕ್ಕಳು. "ಅಯ್ಯೋ ಅಕ್ಕಾ, ಒಂದು ಶೂಗೋಸ್ಕರ ಇಷ್ಟು ದೂರ ಬಂದ್ರಾ? ನಿದ್ದೆ ಹೋದೋಳನ್ನ ನೀವೇ ಎತ್ಕೊಂಡು ಬಂದು ಮಂಚದ ಮೇಲೆ ಮಲಗ್ಸಿದ್ರಲ್ಲ, ನನ್ನ ಕಣ್ಣು ತುಂಬಿ ಬಂತು. ಈ ಕಾಲದಲ್ಲಿ ಯಾರು ಮಾಡ್ತಾರೆ?"

ಆ ಮಂಚ, ಮಗುವಿನ ಭಾರ, ಯಾವುದೂ ಅವಳ ನೆನಪಿನಲ್ಲಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ, ಹೊಗಳಿಕೆ ತಾಳಲಾರದೆ ಶೂವನ್ನು ತಾಯಿಯ ಕೈಗಿಟ್ಟು ಹೊರಟುಬಿಟ್ಟಳು. ಉಳಿದ ಮನೆಗಳ ಮುಂದೆಯೂ ಹಾದು, ಬಾಲ್ಕನಿಯಲ್ಲೋ ಗೇಟಿನಲ್ಲೋ ಒಂದೊಂದು ಮಗುವಿನ ತಲೆ ಕಂಡ ಮೇಲೆಯೇ ಮನೆಗೆ ತಿರುಗಿದಳು.

"ಬೆನ್ನು ನೋವು ಅತ್ತೆ. ನಾಳೆಯಿಂದ ವ್ಯಾನು ತೆಗೆಯಲ್ಲ," ಎಂದಳು.

ಅತ್ತೆ ಅವಳನ್ನೇ ನೋಡಿದರು. "ನಂಗೆ ಕಿವಿ ಮಂದ ಕಣೇ, ಮೂಗಲ್ಲ."

ವ್ಯಾನಕ್ಕ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅತ್ತೆಯೇ ಮುಂದುವರಿಸಿದರು. "ಕಣ್ಣಾಸ್ಪತ್ರೆ ಹಿಂದೆ ಒಂದು ರೂಮಿದೆ. ಕುಡಿತ ಬಿಡಬೇಕು ಅನ್ನೋರು ಸಂಜೆ ಸೇರ್ತಾರೆ. ಯಾವಾಗ್ಲೋ ವಿಚಾರ್ಸಿಟ್ಟಿದೀನಿ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ವ್ಯಾನು ನಿಂತ್ರೆ ನಮ್ಮಿಬ್ರ ಹೊಟ್ಟೆಪಾಡೇನು ಅಂತ ಹೆದರ್ಕೊಂಡೆ. ಬಾಯಿಗೆ ಬೀಗ ಹಾಕ್ಕೊಂಡೆ." ಅತ್ತೆ ಕೈ ಚಾಚಿ ವ್ಯಾನಿನ ಕೀ ಇಸಿದುಕೊಂಡರು.

ಮರುದಿನ ಸಂಜೆ ವ್ಯಾನಕ್ಕ ಆ ಬಾಗಿಲನ್ನು ಬೇರೆಲ್ಲಿಗೋ ಹೊರಟವಳಂತೆ ದಾಟಿ ಹೋದಳು, ತಿರುಗಿ ಬಂದಳು, ಮತ್ತೆ ದಾಟಿದಳು. ಮೈಯೆಲ್ಲ ಬೆವರು. ಶಾಲೆಯ ಯಾವ ತಾಯಿ ಕಂಡುಬಿಡುತ್ತಾಳೋ ಎಂಬ ಅಂಜಿಕೆ. ಒಳಗಿನಿಂದ ಬರೀ ಗಂಡಸರ ದನಿ. ಹೊರಗೆ ಕುರ್ಚಿ ಒರೆಸುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ತಲೆಯೆತ್ತಿದರು. ಅವರು ನಿವೃತ್ತ ನರ್ಸು. ಎಲ್ಲರ ಬಾಯಲ್ಲಿ ನರ್ಸಮ್ಮ.

"ಯಾರು ಬೇಕಿತ್ತಮ್ಮಾ?"

"ನಮ್ಮಣ್ಣನಿಗೋಸ್ಕರ ಕೇಳ್ಕೊಂಡು ಹೋಗೋಣ ಅಂತ..."

ನರ್ಸಮ್ಮ ಅವಳ ನಡುಗುವ ಬೆರಳುಗಳನ್ನು ನೋಡಿದರು. "ನಾನು ಮೊದಲ್ನೇ ಸಲ ನಮ್ಮ ಭಾವನಿಗೋಸ್ಕರ ಅಂತ ಬಂದಿದ್ದೆ. ನಂಗೆ ಭಾವಾನೇ ಇಲ್ಲ. ಬಾ ಒಳಗೆ."

ಒಳಗೆ ಬಾಗಿಲು ಕಿರ್ರೆಂದಾಗಲೆಲ್ಲ ವ್ಯಾನಕ್ಕ ಬೆಚ್ಚುತ್ತಿದ್ದಳು. ಒಬ್ಬೊಬ್ಬರೇ ತಮ್ಮ ಕಥೆ ಹೇಳಿದರು. ಬೇಡವೆಂದರೆ ಸುಮ್ಮನಿರಬಹುದು ಎಂದಿದ್ದರೂ ಮಾತು ತಾನಾಗಿ ಹೊರಬಿತ್ತು: "ಮಕ್ಕಳನ್ನ ಇಳಿಸಿದ್ದು ನಂಗೆ ನೆನಪಿಲ್ಲ."

ಯಾರೂ ಹೌಹಾರಲಿಲ್ಲ. ಎದುರಿಗಿದ್ದ ಬಡಗಿಯೊಬ್ಬ ಮುಖ ತಗ್ಗಿಸಿದ.

"ಕೀ ಎಲ್ಲಿದೆ?" ಎಂದು ನರ್ಸಮ್ಮ ಕೇಳಿದರು.

"ಅತ್ತೆ ಹತ್ರ."

"ಅಲ್ಲೇ ಇರ್ಲಿ. ಒಮ್ಮೆಲೇ ಬಿಟ್ರೆ ಫಿಟ್ಸ್ ಬರಬಹುದು. ನಡಿ, ಮೊದಲು ಡಾಕ್ಟರ ಹತ್ರ ಹೋಗೋಣ."

ಆಮೇಲಿನ ದಿನಗಳು ಮಾತ್ರೆ, ನಡುಕ, ಕೆಟ್ಟ ಕನಸುಗಳಲ್ಲಿ ಕಳೆದವು. ಸಂಜೆಯಾದರೆ ಆ ರೂಮು. ಕೈ ಒಂದಿಷ್ಟು ಹಿಡಿತಕ್ಕೆ ಬರುವಷ್ಟರಲ್ಲಿ ಬಟಾಣಿಯ ತಾಯಿ ಫೋನು ಮಾಡಿದಳು. "ಬೆನ್ನು ಹೇಗಿದೆ ಅಕ್ಕಾ? ಇವಳು ನಿಮ್ಮನ್ನ ಬಿಟ್ಟು ಬೇರೆಯೋರ ಜೊತೆ ಹೋಗಲ್ಲ ಅಂತಾಳೆ. ಸೋಮವಾರದಿಂದ ಬರ್ತೀರಾ?"

'ಬರ್ತೀನಿ' ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅದೇ ಅವಳನ್ನು ಎಲ್ಲಕ್ಕಿಂತ ಹೆದರಿಸಿತು. ಫೋನಿಟ್ಟು ನರ್ಸಮ್ಮನನ್ನು ಕರೆದುಕೊಂಡು ಆ ಮನೆಗೆ ಹೋದಳು. ಹೊಸ್ತಿಲಲ್ಲೇ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ತಾಯಿಯ ಮುಖ ಬಿಳಿಚಿಕೊಂಡಿತು. "ಅವತ್ತು ವಾಸನೆ ಬಂತು. ಕೆಮ್ಮಿನ ಔಷಧಿ ಅನ್ಕೊಂಡೆ," ಎಂದಳು. ವ್ಯಾನಕ್ಕನ ದನಿ ಕೇಳಿ ಓಡಿಬಂದ ಮಗಳ ರಟ್ಟೆ ಹಿಡಿದು ಒಳಗೆಳೆದುಕೊಂಡಳು. ಬಾಗಿಲು ಮುಚ್ಚಿತು. ಒಳಗೆ ಚಿಲಕ ಬಿದ್ದ ಸದ್ದು ಕೇಳಿತು.

ಸುದ್ದಿಗೆ ಕಾಲು ಬಂತು. ಗುರುತಿನವರು ಕಂಡರೂ ಕಾಣದಂತೆ ರಸ್ತೆ ದಾಟಿದರು. ಅವಳು ವ್ಯಾನು ಮಾರಿ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳು ಬಿಡಿಸಿ ನೋಡಿ ಬಿಟ್ಟದ್ದನ್ನು ಮಡಚುವ ಕೆಲಸ ಹಿಡಿದಳು. ಸಂಜೆಯ ರೂಮು ಬಿಡಲಿಲ್ಲ.

ಕುಡಿತ ನಿಂತು ವರ್ಷ ದಾಟಿದೆ, ಭಯ ನಿಂತಿಲ್ಲ. ರಜೆಯ ಮಧ್ಯಾಹ್ನ ಮಂಪರು ಹತ್ತಿ ಎಚ್ಚರವಾದರೆ ಗಾಬರಿಯಲ್ಲಿ ಎದ್ದು ಕೂರುತ್ತಾಳೆ. "ಅತ್ತೆ, ನಾನೆಲ್ಲೂ ಹೋಗಿರ್ಲಿಲ್ಲ ತಾನೇ?"

"ಎಲ್ಲಿಗ್ಹೋಗ್ತೀಯಾ? ಇಷ್ಟೊತ್ತೂ ಗೊರಕೆ ಹೊಡೀತಿದ್ದೆ. ಈ ಕಿವುಡಿಗೂ ಕೇಳಿಸ್ತು."