ಕದಿರಮ್ಮ ಬಿಚ್ಚಿದ ಹೊಲಿಗೆ

ಕೋರಮಂಡಲದ ಚಿನ್ನದ ಗಣಿಯ ಕೂಲಿಮನೆಗಳ ಲೈನಿನಲ್ಲಿ ಕದಿರಮ್ಮನ ಮೊಲಕ್ಕೆ ಆಪರೇಷನ್ ಆಗಿ ಅಂದಿಗೆ ನಾಲ್ಕನೇ ದಿನ. ಬೆಳಿಗ್ಗೆ ಎದ್ದವಳೇ, ಒಲೆ ಹಚ್ಚುವ ಮೊದಲು, ಮೂಲೆಯಲ್ಲಿದ್ದ ಮರದ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಮೊಲದ ಪಕ್ಕೆಗೆ ಸುತ್ತಿದ್ದ ಪಟ್ಟಿ ಬಿಚ್ಚಿದಳು. ಬಿಚ್ಚಿದ ಪಟ್ಟಿಯನ್ನು ಮೂಗಿಗೆ ಹಿಡಿದಳು. ಹಿಡಿದವಳು ಏಳಲಿಲ್ಲ.

ಆ ವಾಸನೆ ಅವಳಿಗೆ ಗೊತ್ತಿತ್ತು. ಲೈನಿನ ಸಣ್ಣ ಔಷಧಾಲಯದಲ್ಲಿ ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ ಪಟ್ಟಿ ಒಗೆಯುವುದು. ಗಾಯಾಳುಗಳ ಮೈಯಿಂದ ಬಿಚ್ಚಿದ ಪಟ್ಟಿಗಳು ಹಿತ್ತಲಿನ ತೊಟ್ಟಿಗೆ ಬರುತ್ತಿದ್ದವು. ಅವಳು ಅವನ್ನು ತಣ್ಣೀರಿನಲ್ಲಿ ನೆನೆಹಾಕಿ, ಸೋಡಾ ಹಾಕಿ, ಹಂಡೆಯಲ್ಲಿ ಕುದಿಸಿ, ಒಣಗಿಸಿ, ಸುರುಳಿ ಸುತ್ತಿ ಒಳಗೆ ಕಳಿಸುತ್ತಿದ್ದಳು. ಹಾಸಿಗೆಯ ಮೇಲಿದ್ದವರ ಮುಖ ಅವಳು ಕಂಡದ್ದು ಕಡಿಮೆ. ಆದರೆ ಇವನ ಗಾಯ ಮಾಗುತ್ತಿದೆ, ಇವನದು ಒಳಗೆ ಕೆಡುತ್ತಿದೆ ಎಂಬುದು ಪಟ್ಟಿಯ ಬಣ್ಣದಲ್ಲಿ, ವಾಸನೆಯಲ್ಲಿ ಅವಳಿಗೆ ತಿಳಿದುಹೋಗುತ್ತಿತ್ತು. ಅದನ್ನು ಯಾರೂ ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ.

ಒಂದು ಸಲ ಹೇಳಬೇಕಿತ್ತು. ಅವಳ ಗಂಡ ಸೊಣ್ಣಪ್ಪ ಗಣಿಯೊಳಗೆ ಕಲ್ಲು ತುಂಬಿದ ತೊಟ್ಟಿಗಾಡಿ ತಳ್ಳುತ್ತಿದ್ದವನು. ಬೂದಿಕೋಟೆ ಕಡೆಯ ಹಳ್ಳಿಯಿಂದ ಇಬ್ಬರೂ ಕೂಡಿಯೇ ಇಲ್ಲಿಗೆ ಬಂದಿದ್ದರು. ಏಳು ವರ್ಷದ ಹಿಂದೆ ಅವನ ಕಾಲಿನ ಮೇಲೆ ಬಂಡೆ ಕಳಚಿ ಬಿತ್ತು. ಮೂರನೇ ದಿನ ಅವನ ಪಟ್ಟಿ ತೊಟ್ಟಿಗೆ ಬಂದಾಗ ಕದಿರಮ್ಮನ ಕೈ ನೀರಿನಲ್ಲೇ ನಿಂತಿತು. ಒಳಗೆ ಹೋಗಿ ಹೇಳಲೋ ಬೇಡವೋ ಎಂದು ಬಾಗಿಲ ತನಕ ಹೋದಳು. ಪಟ್ಟಿ ಒಗೆಯುವವಳ ಮಾತನ್ನು ಯಾರು ಕೇಳುತ್ತಾರೆಂದು ಹಿಂದಿರುಗಿದಳು. ಎಂಟನೇ ದಿನ ಸೊಣ್ಣಪ್ಪ ಹೋದ. ಕಾಲು ಅಷ್ಟು ನಜ್ಜುಗುಜ್ಜಾಗಿತ್ತು, ಉಳಿಸಲು ಯಾರಿಂದಲೂ ಆಗುತ್ತಿರಲಿಲ್ಲವೇನೋ. ಆದರೂ ಆ ಬಾಗಿಲ ತನಕ ಹೋಗಿ ಬಂದದ್ದು ಅವಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಮೊಲ ಬಂದದ್ದು ಅದಾಗಿ ನಾಲ್ಕೈದು ವರ್ಷದ ಮೇಲೆ. ಗಣಿಯ ಬಿಳಿ ದೊರೆಯೊಬ್ಬನ ಬಂಗಲೆಯಲ್ಲಿ ಊಟಕ್ಕೆಂದು ಮೊಲ ಸಾಕುತ್ತಿದ್ದರು. ಅಂಗೈಯಗಲದ ಒಂದು ಮರಿ ತಾಯಿಯ ಹಾಲು ಸಿಗದೆ ಸಾಯುತ್ತಿದೆಯೆಂದು ಅಲ್ಲಿಯ ಅಡುಗೆಯವನು ಎಸೆಯಲು ತಂದಾಗ ಕದಿರಮ್ಮ ಸೆರಗೊಡ್ಡಿ ಇಸಕೊಂಡಳು. ಹತ್ತಿಯ ಉಂಡೆಯ ಹಾಗಿತ್ತು, ಹತ್ತಿಗೆ ಅವಳ ಊರ ಕಡೆ ಅನ್ನುವಂತೆ ದೂದಿ ಎಂದು ಕರೆದಳು. ಎರಡು ವರ್ಷ ಅದು ತಟ್ಟಿಯ ಮನೆಯ ತುಂಬ ಓಡಾಡಿತು. ಅವಳು ಕೆಲಸದಿಂದ ಬಂದರೆ ಕಾಲಿಗೆ ಸುತ್ತು ಹಾಕುತ್ತಿತ್ತು, ರಾತ್ರಿ ಅವಳ ಚಾಪೆಯ ತುದಿ ಕಡಿಯುತ್ತಿತ್ತು. ಆಮೇಲೆ ಅದರ ಪಕ್ಕೆಯಲ್ಲಿ ಹುಣಸೆಬೀಜದಷ್ಟು ಗಂಟು ಕಾಣಿಸಿ, ಮೂರು ತಿಂಗಳಲ್ಲಿ ನಿಂಬೆಕಾಯಿಯಷ್ಟಾಯಿತು.

ಔಷಧಾಲಯದಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವ ಡ್ರೆಸ್ಸರ್ ಕುಪ್ಪುಸ್ವಾಮಿ ಅದನ್ನು ಕೊಯ್ದು ತೆಗೆದ. ಕೆಲಸದಲ್ಲಿ ಗಟ್ಟಿಗ, ಒಳ್ಳೆಯವನು. ಮೊಲಕ್ಕೆ ಆಪರೇಷನ್ನೇ ಎಂದು ಮೊದಲು ನಕ್ಕರೂ ಭಾನುವಾರ ಅವಳ ಮನೆಗೇ ಬಂದು, ಮೂಗಿಗೆ ಮತ್ತಿನ ಔಷಧಿಯ ಬಟ್ಟೆ ಹಿಡಿದು, ಗಂಟು ತೆಗೆದು, ರೇಷ್ಮೆ ದಾರದಿಂದ ಐದು ಹೊಲಿಗೆ ಹಾಕಿ ಹೋಗಿದ್ದ.

ಈಗ ಕದಿರಮ್ಮ ಪೆಟ್ಟಿಗೆಯನ್ನು ಸೊಂಟಕ್ಕೇರಿಸಿಕೊಂಡು ಅವನ ಮನೆಗೇ ಹೋದಳು. ಕುಪ್ಪುಸ್ವಾಮಿ ಕೆಲಸಕ್ಕೆ ಹೊರಟು ನಿಂತಿದ್ದ. ಮೊಲವನ್ನು ತಿರುಗಿಸಿ ನೋಡಿದ. ಹೊಲಿಗೆ ಒಣಗಿದೆ, ಮೇಲೆ ಕೆಂಪಿಲ್ಲ, ಕೀವು ಹರಿಯುತ್ತಿಲ್ಲ, ಮೊಲದ ಮೈಯೇ ನಾರುತ್ತದೆ ಎಂದು ಹೇಳಿದ.

"ಸಾಮೀ, ಒಳಗೆ ಕೆಟ್ಟದೆ," ಎಂದಳು ಕದಿರಮ್ಮ. "ಇದು ಮೈ ವಾಸನೆ ಅಲ್ಲ. ಒಲಿಗೆ ಬಿಚ್ಚಬೇಕು."

ಅವಳು ಅವನಿಗೆ ಎದುರಾಡಿದ್ದು ಅದೇ ಮೊದಲು. ಕುಪ್ಪುಸ್ವಾಮಿಯ ಮುಖ ಬಿಗಿಯಿತು.

"ಯಾರು ಡ್ರೆಸ್ಸರು, ನೀನಾ ನಾನಾ? ಬಿಚ್ಚಿದ್ರೆ ನಿನ್ ಕೈಯಾಗೇ ಸಾಯ್ತದೆ. ಆಮೇಲೆ ನನ್ನ ಅನ್ಬೇಡ."

ಅವಳು ಪೆಟ್ಟಿಗೆ ಎತ್ತಿಕೊಂಡು ಹಿಂದಿರುಗಿದಳು. ದಾರಿಯಲ್ಲಿ ಪೆಟ್ಟಿಗೆಯೊಳಗೆ ಕೈಯಿಟ್ಟು ಮೊಲದ ಕಿವಿ ಮುಟ್ಟಿದಳು. ಕಾದ ಹೆಂಚಿನಂತೆ ಸುಡುತ್ತಿತ್ತು. ಪೆಟ್ಟಿಗೆಯ ತಳದಲ್ಲಿ ನಿನ್ನೆಯ ಗರಿಕೆ ಹಾಗೇ ಬಾಡಿತ್ತು. ಕಾಳುಮೆಣಸಿನಂಥ ಹಿಕ್ಕೆ ದಿನಕ್ಕೆ ಬೊಗಸೆಯಷ್ಟು ಬೀಳುತ್ತಿದ್ದುದು ಅಂದು ಒಂದೂ ಇರಲಿಲ್ಲ. ಮೇವು ನಿಂತ ಮೊಲ ಎರಡು ದಿನ ಬದುಕುವುದು ಕಷ್ಟ ಎಂದು ಬಂಗಲೆಯ ಅಡುಗೆಯವನು ಹೇಳಿದ್ದು ಅವಳಿಗೆ ನೆನಪಿತ್ತು.

ಮನೆಗೆ ಬಂದು ನೀರು ಕುದಿಯಲಿಟ್ಟಳು. ಸಣ್ಣ ಕತ್ತರಿಯನ್ನೂ ಕಿವಿಯ ಗುಗ್ಗೆ ತೆಗೆಯುವ, ತುದಿ ಚಮಚದಂತಿದ್ದ ಒಂದು ಹಳೆಯ ಬೆಳ್ಳಿ ಕಡ್ಡಿಯನ್ನೂ ಅದರಲ್ಲೇ ಹಾಕಿದಳು. ಇನ್ನೊಂದು ಪಾತ್ರೆಯಲ್ಲಿ ಉಪ್ಪುನೀರು ಕಾಯಿಸಿ ಆರಲು ಬಿಟ್ಟಳು. ಪಕ್ಕದ ಮನೆಯ ಮಾರಿಯಮ್ಮನನ್ನು ಕರೆದಳು. ಚಿತ್ತೂರು ಕಡೆಯಿಂದ ಬಂದ ಹೆಂಗಸು, ಕದಿರಮ್ಮನಿಗಿಂತ ಹತ್ತು ವರ್ಷ ಚಿಕ್ಕವಳು. ಅವಳ ಗಂಡ ಪೆರುಮಾಳ್ ಬೆಳಗಿನ ಪಾಳಿಗೆ ಗಣಿಯೊಳಗೆ ಇಳಿದಿದ್ದ. ಮಾರಿಯಮ್ಮ ಮೊಲವನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿ, ಗಾಯದ ಪಕ್ಕೆಯನ್ನಷ್ಟೇ ಹೊರಗೆ ಬಿಟ್ಟು, ತೊಡೆಯ ಮೇಲೆ ಅಮುಕಿ ಹಿಡಿದಳು.

ಕದಿರಮ್ಮ ಮೊದಲ ಹೊಲಿಗೆ ಕತ್ತರಿಸಿದಳು. ಏನೂ ಬರಲಿಲ್ಲ. ಎರಡನೆಯದೂ ಒಣಗಿತ್ತು. ಕುಪ್ಪುಸ್ವಾಮಿಯ ಮಾತೇ ನಿಜವಾದರೆ? ಮೂರನೆಯದನ್ನು ಕತ್ತರಿಸಿ ಅಂಚನ್ನು ಒತ್ತಿದಾಗ ತೊಗಲು ಬಾಯಿ ಬಿಟ್ಟಿತು. ಒಳಗೆ ಕೀವು ಇತ್ತು. ಮನುಷ್ಯರ ಕೀವಿನಂತೆ ತೆಳ್ಳಗೆ ಹರಿಯುವಂಥದಲ್ಲ, ಗಟ್ಟಿ ಮೊಸರಿನಂತೆ ಹೆಪ್ಪುಗಟ್ಟಿದ್ದು. ಅದು ತಾನಾಗಿ ಹೊರಬರುವಂಥದಲ್ಲ. ಕೆರೆದು ತೆಗೆಯಬೇಕು.

ಬೆಳ್ಳಿ ಕಡ್ಡಿಯನ್ನು ಒಳಗೆ ಇಳಿಸಿದಳು. ಆಗಲೇ ನೆಲ ಅದುರಿತು.

ತಟ್ಟಿಯ ಗೋಡೆ ಗಡಗಡ ಎಂದಿತು. ಗೂಡಿನಲ್ಲಿದ್ದ ಹಿತ್ತಾಳೆ ಚೊಂಬು ಉರುಳಿ ಬಿತ್ತು. ಕೆಳಗೆ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಹೀಗಾಗುವುದು ಲೈನಿನವರಿಗೆಲ್ಲ ಗೊತ್ತು. ವಾರಕ್ಕೊಮ್ಮೆ ಸಣ್ಣದಾಗಿ ಆಗುತ್ತಿದ್ದದ್ದೇ. ಇದು ಸಣ್ಣದಲ್ಲ. ಮೊಲ ಸೀರೆಯೊಳಗೆ ಜಿಗಿದು ಒದೆಯಿತು. ಮಾರಿಯಮ್ಮ ಕೈ ಬಿಡಲಿಲ್ಲ, ಆದರೆ ಅವಳ ಕಣ್ಣು ಬಾಗಿಲಿಗೆ ನೆಟ್ಟಿತು. ಇಬ್ಬರೂ ಕಿವಿಗೊಟ್ಟರು. ಹೊತ್ತಲ್ಲದ ಹೊತ್ತಿನಲ್ಲಿ ಗಣಿಯ ಸಂಗು, ಆ ದೊಡ್ಡ ಸೈರನ್ನು, ಕೂಗದಿದ್ದರೆ ಯಾರಿಗೂ ಏನೂ ಆಗಿಲ್ಲವೆಂದು ಅರ್ಥ.

ಹೊರಗೆ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು.

ಸಂಗು ಕೂಗಿತು.

"ಅಕ್ಕಾ..." ಎಂದಳು ಮಾರಿಯಮ್ಮ.

"ಓಗಮ್ಮ. ಬಿಟ್ಟು ಓಗು. ನಾನು ಇಡ್ಕೋತೀನಿ."

ಮಾರಿಯಮ್ಮ ಮೊಲವನ್ನು ಅವಳ ಮಡಿಲಿಗೆ ಹಾಕಿ ಓಡಿದಳು. ಕದಿರಮ್ಮ ಅದನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಒಬ್ಬಳೇ ಕೆರೆದಳು. ತನ್ನನ್ನೂ ಕರೆಯಲು ಬರುತ್ತಾರೆಂದು ಅವಳಿಗೆ ಗೊತ್ತಿತ್ತು. ಅವಸರ ಮಾಡಿದರೆ ಒಳಗೆ ಉಳಿಯುತ್ತದೆ. ನಿಧಾನ ಮಾಡಿದರೆ ಅರ್ಧಕ್ಕೇ ಬಿಡಬೇಕಾಗುತ್ತದೆ. ತಳ ಕೆಂಪಾಗಿ ಕಂಡು ಹನಿ ರಕ್ತ ಒಸರುವ ತನಕ ಕೆರೆದು, ಉಪ್ಪುನೀರು ಸುರಿದು ತೊಳೆದಳು. ಗಾಯದ ಬಾಯಿ ಮುಚ್ಚದೆ ಅದರಲ್ಲಿ ಕುದಿಸಿದ ಬಟ್ಟೆಯ ಎಳೆ ಇಟ್ಟು ಮೇಲೆ ಪಟ್ಟಿ ಸುತ್ತಿದಳು. ಗಂಟು ಹಾಕುತ್ತಿದ್ದಂತೆ ಔಷಧಾಲಯದ ಆಳು ಬಂದು ಬಾಗಿಲಲ್ಲಿ ನಿಂತ.

ಆ ದಿನ ಗಾಯಗೊಂಡ ಮೂವರನ್ನು ಮೇಲೆ ತಂದರು. ಮೂವರೂ ಜೀವಂತವಾಗಿದ್ದರು. ಪೆರುಮಾಳ್ ಅವರಲ್ಲಿ ಇರಲಿಲ್ಲ. ಮಣ್ಣು ಮೆತ್ತಿದ ಮುಖದಲ್ಲಿ ತಾನೇ ನಡೆದು ಹೊರಗೆ ಬಂದನೆಂದು ಹಂಡೆಯ ಬಳಿ ಯಾರೋ ಹೇಳಿದರು. ಕದಿರಮ್ಮ ಕೈಮುಗಿದು ಮತ್ತೆ ಬೆಂಕಿಗೆ ಸೌದೆ ತಳ್ಳಿದಳು. ಕೈ ಪಟ್ಟಿಗಳನ್ನು ತಿರುವುತ್ತಿತ್ತು, ಮನಸ್ಸು ಮನೆಯಲ್ಲಿತ್ತು. ಪೆಟ್ಟಿಗೆಯ ಮೇಲೆ ಬಟ್ಟೆ ಮುಚ್ಚಿದ್ದೆನೋ ಇಲ್ಲವೋ ಎಂಬುದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಮುಚ್ಚಿರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದು ನೋಡಿದರೆ ಮೊಲ ಪಟ್ಟಿಯನ್ನು ಕಡಿದು ಹಾಕಿತ್ತು. ಗಾಯದ ಅಂಚಿನಲ್ಲಿ ನೊಣದ ಮೊಟ್ಟೆಗಳು ಸಣ್ಣ ನುಚ್ಚಿನಂತೆ ಅಂಟಿದ್ದವು. ಕಣ್ಣು ಅರೆಮುಚ್ಚಿ, ಹಲ್ಲು ಕಟಕಟ ಕಡಿಯುತ್ತ ಅದು ಒಂದು ಮಗ್ಗುಲಿಗೆ ಒರಗಿತ್ತು. ಕದಿರಮ್ಮನಿಗೆ ಅಳು ಬರಲಿಲ್ಲ, ಸಿಟ್ಟು ಬಂತು, ತನ್ನ ಮೇಲೇ. ದೀಪವನ್ನು ಹತ್ತಿರಕ್ಕೆಳೆದು ಆ ಮೊಟ್ಟೆಗಳನ್ನು ಒಂದೊಂದಾಗಿ ಆರಿಸಿದಳು. ಮತ್ತೆ ತೊಳೆದಳು. ಮಾರಿಯಮ್ಮ ತನ್ನ ಕೂಸಿಗೆ ಹಾಲು ಕುಡಿಸುವ ಒಳಲೆಯನ್ನು ತಂದುಕೊಟ್ಟಳು. ಇಬ್ಬರೂ ಕೂಡಿ ತೆಳ್ಳನೆಯ ರಾಗಿ ಗಂಜಿಗೆ ಗರಿಕೆ ಅರೆದ ರಸ ಬೆರೆಸಿ, ಕೆನ್ನೆಯ ಸಂದಿನಿಂದ ಹನಿ ಹನಿಯಾಗಿ ಕುಡಿಸಿದರು. ಅರ್ಧ ಹೊರಗೆ ಚೆಲ್ಲಿತು. ಗಂಟಲು ಆಡಿದಾಗಲೆಲ್ಲ ಇಬ್ಬರೂ ಮುಖ ಮುಖ ನೋಡಿಕೊಂಡರು.

ಮರುದಿನವೂ ಹಿಕ್ಕೆ ಇಲ್ಲ. ಅದರ ಹೊಟ್ಟೆಯನ್ನು ಬೆರಳ ತುದಿಯಿಂದ ನೀವಿದಳು, ಗಂಜಿ ಕುಡಿಸಿದಳು, ತೊಳೆದಳು, ಕೆಲಸಕ್ಕೆ ಓಡಿದಳು, ಮಧ್ಯಾಹ್ನ ಓಡಿ ಬಂದು ಮತ್ತೆ ಅದನ್ನೇ ಮಾಡಿದಳು. ಔಷಧಾಲಯದಲ್ಲಿ ಕುಪ್ಪುಸ್ವಾಮಿ ಎದುರಾದಾಗ ಹಂಡೆಯ ಕಡೆ ತಿರುಗಿಕೊಂಡಳು.

ಮೂರನೇ ಬೆಳಿಗ್ಗೆ ಪೆಟ್ಟಿಗೆಯೊಳಗೆ ಕೈಯಾಡಿಸಿದಾಗ ಬೆರಳಿಗೆ ಏನೋ ಸಿಕ್ಕಿತು. ಬೆಳಕಿಗೆ ಹಿಡಿದು ನೋಡಿದಳು. ಹಿಕ್ಕೆ, ಸಾಸಿವೆಗಿಂತ ಸ್ವಲ್ಪ ದಪ್ಪ, ಒಣಕಲು. ಇನ್ನೂ ಹುಡುಕಿದಳು, ಮತ್ತೆ ಮೂರು ಸಿಕ್ಕವು. ನಾಲ್ಕನ್ನೂ ಅಂಗೈಯಲ್ಲಿಟ್ಟುಕೊಂಡು ಮಾರಿಯಮ್ಮನ ಬಾಗಿಲಿಗೆ ಹೋಗಿ ಕೈ ಚಾಚಿ ತೋರಿಸಿದಳು.

ಅಂದು ಸಂಜೆ ಕುಪ್ಪುಸ್ವಾಮಿ ಬಂದ. ಮೊಲ ಸತ್ತಿದೆಯೆಂದು ತಿಳಿದೇ ಬಂದಿದ್ದನೇನೋ, ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತ. ಒಳಗೆ ಬಂದು ಪಟ್ಟಿ ಬಿಚ್ಚಿ ಗಾಯ ನೋಡಿದ. ತಳ ದಾಳಿಂಬೆ ಕಾಳಿನ ಬಣ್ಣಕ್ಕೆ ತಿರುಗಿತ್ತು. ಒಂದು ಅಂಚಿನಲ್ಲಿ ಮಾತ್ರ ತೊಗಲು ಸತ್ತು ಕಪ್ಪಾಗಿತ್ತು. ಯಾವಾಗ ಬಿಚ್ಚಿದೆ, ಏನೇನು ಮಾಡಿದೆ ಎಂದು ಕೇಳಿದ. ಅವಳು ಎಲ್ಲವನ್ನೂ ಹೇಳಿದಳು. ಅವನು ಅಂಗಿಯ ತೋಳು ಮಡಿಸಿ, "ನೀರು ಕುದಿಸು ಕದಿರಮ್ಮಾ. ಈ ಅಂಚು ತೆಗೀಬೇಕು. ಅವತ್ತು ನಂಗೆ ಕಾಣದೆ ಓಗಿತ್ತು," ಎಂದ. ಅವನು ಕತ್ತರಿಸಿದ, ಅವಳು ಹಿಡಿದಳು.

ಗಾಯ ತುಂಬಿ ಬರಲು ಒಂದೂವರೆ ತಿಂಗಳು ಹಿಡಿಯಿತು. ನಡುವೆ ಒಮ್ಮೆ ಮತ್ತೆ ಕೀವಾಯಿತು, ಮತ್ತೆ ಕೆರೆದಳು. ಅಲ್ಲಿ ಕೂದಲು ಹುಟ್ಟಲೇ ಇಲ್ಲ. ಬಿಸಿಲಲ್ಲಿ ಕುಳಿತಾಗ ಆ ಬೋಳು ಜಾಗ ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು.

ಎರಡು ವರ್ಷ ಕಳೆದು ಕದಿರಮ್ಮ ಕೆಲಸ ಬಿಟ್ಟು ಬೂದಿಕೋಟೆಯ ತಂಗಿಯ ಮನೆಗೆ ಹೊರಟಾಗ ದೂದಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ರೈಲು ಹತ್ತಿದಳು. ಪೆರುಮಾಳ್ ಗಂಟುಮೂಟೆ ಹೊತ್ತು ತಂದಿದ್ದ. ಮಾರಿಯಮ್ಮ ಕಿಟಕಿಯ ಸರಳು ಹಿಡಿದು, ರೈಲು ಅಲುಗುವ ತನಕ, ಗಂಜಿಗೆ ಉಪ್ಪು ಹಾಕಬೇಡ, ನಾಯಿ ಬಂದೀತು ನೋಡಿಕೋ ಎಂದು ಹೇಳುತ್ತಲೇ ಇದ್ದಳು. ಪಕ್ಕದಲ್ಲಿ ಹೂ ಮಾರುವ ಮುದುಕಿಯೊಬ್ಬಳು ಕುಳಿತಿದ್ದಳು. ಬುಟ್ಟಿಯ ಸಂದಿನಿಂದ ಮೂತಿ ಹೊರಗೆ ಹಾಕಿದ ದೂದಿ ಬಂಗಾರಪೇಟೆ ಬರುವಷ್ಟರಲ್ಲಿ ಅವಳ ಸೇವಂತಿಗೆಯಲ್ಲಿ ಒಂದು ಮೊಳದಷ್ಟನ್ನು ತಿಂದು ಮುಗಿಸಿತ್ತು. ಮುದುಕಿ ತೆಲುಗಿನಲ್ಲಿ ಬೈಯತೊಡಗಿದಳು. ಕದಿರಮ್ಮ ಬೈಸಿಕೊಳ್ಳುತ್ತಲೇ ಇನ್ನೊಂದು ಹೂವನ್ನು ಬುಟ್ಟಿಯೊಳಕ್ಕೆ ಸರಿಸಿದಳು.