ಹುಳುಮನೆಯ ಗೋಡೆಯ ಎರಡನೇ ಫೋಟೋ

ಇವತ್ತು ಚಿಕ್ಕಬಳ್ಳಾಪುರದ ನಮ್ಮ ಬೀದಿಯ ನೀರಿನ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿದ್ದಾರೆ. ನಲ್ಲಿ ತಿರುಗಿಸಿದೊಡನೆ ಮೂಗಿಗೆ ಅಡರಿದ ವಾಸನೆಗೆ ಸಾದಲಿಯಲ್ಲಿ ನಮ್ಮ ಮೇಷ್ಟ್ರು ರೇಷ್ಮೆಹುಳು ಸಾಕುತ್ತಿದ್ದ ಹುಳುಮನೆ ನೆನಪಾಯಿತು. ರೇಷ್ಮೆಗೂಡು ಮಾರಿದ ಮೇಲೆ ಮೇಷ್ಟ್ರು ಆ ಮನೆಯನ್ನು ಇದೇ ಪುಡಿಯಲ್ಲಿ ತೊಳೆದು, ಮುಂದಿನ ಹುಳು ಬರುವತನಕ ನಮಗೆ ಅಲ್ಲಿ ಕರಾಟೆ ಕಲಿಸುತ್ತಿದ್ದರು. ಹುಳು ಬಂದರೆ ನಾವು ಅಂಗಳಕ್ಕೆ. ಹುಳುವಿಗಿದ್ದ ಮರ್ಯಾದೆ ನಮಗಿರಲಿಲ್ಲ, ಬಿಡಿ.

ಗೋಡೆಯ ಮೇಲೆ ಜಪಾನಿನ ದೊಡ್ಡ ಗುರುಗಳ ಫೋಟೋ. ನಮ್ಮ ಅಂತರರಾಷ್ಟ್ರೀಯ ಕರಾಟೆ ಸಂಘವನ್ನು ಕಟ್ಟಿದವರು ಅವರು. ನಾವು ಸೇರುವ ಹೊತ್ತಿಗೇ ತೀರಿಕೊಂಡಿದ್ದರು. ಕ್ಲಾಸಿಗೆ ಮುಂಚೆ ಮೇಷ್ಟ್ರ ತಾಯಿ, ನಮಗೆಲ್ಲ ಅಜ್ಜಿ, ಆ ಫೋಟೋಗೆ ಕುಂಕುಮವಿಟ್ಟು, ಕನಕಾಂಬರದ ಹಾರ ಹಾಕಿ, ಊದುಬತ್ತಿ ಹಚ್ಚುತ್ತಿದ್ದರು. ಆಮೇಲೆ ನಾವು ಸೊಂಟ ಬಗ್ಗಿಸಿ ನಮಸ್ಕರಿಸುತ್ತಿದ್ದೆವು. ಜಪಾನಿನಲ್ಲಿ ಈ ಪದ್ಧತಿ ಇದೆಯೇ ಎಂದು ಯಾರೂ ಕೇಳಲಿಲ್ಲ.

ಗುರುಗಳು ಹೋದ ಮೇಲೆ ಅವರ ಇಬ್ಬರು ಹಿರಿಯ ಶಿಷ್ಯರು ಅಧ್ಯಕ್ಷಗಿರಿಗೆ ಕಿತ್ತಾಡಿದರು. ಸಂಘ ಎರಡಾಯಿತು, ಎರಡಕ್ಕೂ ಅದೇ ಹೆಸರು, ಅದೇ ಮುದ್ರೆ. ಜಪಾನಿನಲ್ಲಿ ಆದದ್ದು ಬೆಂಗಳೂರಿನಲ್ಲೂ ಆಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಆ ಕೂಸು ನಾವು. ನಮ್ಮ ಬಣದವರು ಹೊಸ ಅಧ್ಯಕ್ಷರ ಫೋಟೋ ಕಳಿಸಿ, ಗುರುಗಳ ಪಕ್ಕದಲ್ಲೇ ಇರಬೇಕೆಂದರು. ಮೇಷ್ಟ್ರು ಮೊಳೆ ಹೊಡೆದು ತೂಗುಹಾಕಿದರು.

ನನ್ನ ಕಪ್ಪು ಬೆಲ್ಟಿನ ಪರೀಕ್ಷೆ. ವರ್ಷಗಟ್ಟಲೆ ಕಾದಿದ್ದ ದಿನ. ಬೆಂಗಳೂರಿನಿಂದ ಬಂದ ಪರೀಕ್ಷಕರು ಒಳಗೆ ಕಾಲಿಟ್ಟವರು ಹಾಗೇ ನಿಂತುಬಿಟ್ಟರು. ಭೇದ ಮಾಡಬಾರದೆಂದು ಮೇಷ್ಟ್ರ ತಾಯಿ ಎರಡೂ ಫೋಟೋಗಳಿಗೆ ಕುಂಕುಮವಿಟ್ಟು ಹಾರ ಹಾಕಿದ್ದರು!

“ಬದುಕಿರೋ ಅಧ್ಯಕ್ಷರನ್ನ ಸಾಯಿಸಿಬಿಟ್ರಲ್ಲಮ್ಮ! ಬದುಕಿರೋರ ಫೋಟೋಗೆ ಯಾರಾದ್ರೂ ಹಾರ ಹಾಕ್ತಾರಾ? ಆ ಬಣದೋರು ಹೇಳ್ಕೊಟ್ರಾ?” ಎಂದು ಪರೀಕ್ಷಕರು ಕೂಗಾಡಿದರು. ಈಕೆ ಎಲ್ಲರೆದುರು ಆ ಫೋಟೋಗೆ ಅಡ್ಡಬಿದ್ದು ತಪ್ಪಾಯಿತೆಂದರೆ ಮಾತ್ರ ಪರೀಕ್ಷೆ ಎಂದರು.

ಅಜ್ಜಿ ಪಾಪ, ಸೆರಗು ಸಿಕ್ಕಿಸಿಕೊಂಡು ಬಗ್ಗಿಯೇಬಿಟ್ಟರು. ಮೇಷ್ಟ್ರು ತೋಳು ಹಿಡಿದು ಎಬ್ಬಿಸಿದರು. “ನಾನು ಬೇಕಾದ್ರೆ ಬೀಳ್ತೀನಿ ಸಾರ್. ನಮ್ಮಮ್ಮ ಬೀಳಲ್ಲ.”

ಪರೀಕ್ಷೆ ನಡೆಸದೆಯೇ ಪರೀಕ್ಷಕರ ಕಾರು ಹೊರಟುಹೋಯಿತು. ಮೇಷ್ಟ್ರು ನನ್ನ ಕಡೆ ನೋಡಲಾರದೆ ಗೋಡೆ ನೋಡುತ್ತಾ ನಿಂತಿದ್ದರು. ನನಗೆ ಅಳು ಬಂತು, ಕೋಪ ಬರಲಿಲ್ಲ. ಈ ಸುದ್ದಿ ಕೇಳಿ ಇನ್ನೊಂದು ಬಣದವರು ನಗುನಗುತ್ತಾ ಬಂದು ತಮ್ಮ ಕಡೆ ಸೇರಲು ಕರೆದರು. ಮೇಷ್ಟ್ರು ಕಾಫಿ ಕೊಟ್ಟು ಕಳಿಸಿದರು, ಅಷ್ಟೇ. ಸರ್ಟಿಫಿಕೇಟ್ ಸಿಗದ ಕ್ಲಾಸಿಗೆ ಯಾರು ಬರುತ್ತಾರೆ? ಒಬ್ಬೊಬ್ಬರಾಗಿ ಬಿಟ್ಟರು... ಕೊನೆಗೆ ಹುಳುಮನೆಯಲ್ಲಿ ಹುಳು ಮಾತ್ರ ಉಳಿದವು.

ಹೋದ ವರ್ಷ ಮೇಷ್ಟ್ರು ಎದೆನೋವಿನಿಂದ ತೀರಿಕೊಂಡರು. ವೈಕುಂಠ ಸಮಾರಾಧನೆಗೆ ಹೋದೆ. ಹುಳುಮನೆಯ ಗೋಡೆಯಲ್ಲಿ ಅಧ್ಯಕ್ಷರಿದ್ದ ಎರಡನೇ ಮೊಳೆಗೆ ಈಗ ಮೇಷ್ಟ್ರ ಫೋಟೋ. ಗುರುಗಳಿಗೆ ಎಂದಿನಂತೆ ಹಾರವಿತ್ತು, ಮೇಷ್ಟ್ರದು ಬರಿದು. ಹಾರ ಬುಟ್ಟಿಯಲ್ಲೇ ಬಾಡುತ್ತಿತ್ತು.

“ಅತ್ತೆ ಯಾರನ್ನೂ ಹಾಕಕ್ಕೆ ಬಿಡ್ತಿಲ್ಲ ಕಣಮ್ಮ,” ಎಂದರು ಮೇಷ್ಟ್ರ ಹೆಂಡತಿ.

ಅಜ್ಜಿ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದರು: “ಬದುಕಿರೋರ ಫೋಟೋಗೆ ಹಾಕ್ಬಾರ್ದು ಕಣಮ್ಮ. ಆವತ್ತು ಬೈದ್ರಲ್ಲ.”

ನಾನು ಸೊಂಟ ಬಗ್ಗಿಸಿ ನಮಸ್ಕರಿಸಿದೆ.

ಬಕೆಟ್ಟು ತುಂಬಿ ಹರಿಯುತ್ತಿದೆ, ನಲ್ಲಿ ನಿಲ್ಲಿಸಬೇಕು. ಮೇಷ್ಟ್ರಿಲ್ಲ. ಬೆಲ್ಟಿನ ಆಸೆಯೂ ಎಂದೋ ದಣಿದು ಮಲಗಿದೆ. ಆ ಫೋಟೋ ಮಾತ್ರ ಇನ್ನೂ ಬರಿದಾಗಿಯೇ ಇದೆಯಂತೆ.